ಮೂವರಿಗೂ ಹೇಳಿ ಹೋದ ಉಪ್ಪು

ತಂಗಿ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಾಗ ಅವಳು ಒಲೆಯ ಮೇಲಿಟ್ಟು ಹೋದ ಬೇಳೆ, ತರಕಾರಿ ಇನ್ನೂ ಬೇಯುತ್ತಿತ್ತು. ಕೊತ್ತಂಬರಿ ಸೊಪ್ಪು ತರಲು ಹೋದವಳು ಅಂಗಡಿಯ ಮುಂದೆಯೇ ಎದೆ ಹಿಡಿದುಕೊಂಡು ಕುಳಿತಳಂತೆ. ಮತ್ತೆ ಏಳಲಿಲ್ಲ.

ಅವಳದೊಂದು ಪದ್ಧತಿ ಇತ್ತು. ಯಾವ ಕೆಲಸವನ್ನಾದರೂ ಮನೆಯ ಮೂವರಿಗೂ ಬೇರೆ ಬೇರೆಯಾಗಿ ಹೇಳುತ್ತಿದ್ದಳು: ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ ಗಂಡನಿಗೆ, ನರ್ಸ್ ಆಗಿರುವ ಮಗಳಿಗೆ, ಅಕ್ಕನಾದ ನನಗೆ. ಇಬ್ಬರು ಮರೆತರೂ ಒಬ್ಬರಾದರೂ ಮಾಡಲಿ ಎಂದು. ನಾವು ಮೂವರೂ ಮರೆಯುತ್ತಿದ್ದೆವು. ಕಿವಿ ಇರೋದು ಓಲೆ ಹಾಕ್ಕೊಳ್ಳೋಕಾ ಎಂದು ಗಂಡನನ್ನೂ ಸೇರಿಸಿ ಕೇಳಿ, ನಗುತ್ತ ತಾನೇ ಮಾಡಿಕೊಳ್ಳುತ್ತಿದ್ದಳು.

ಅಂದು ಸೊಪ್ಪಿಗೆ ಹೊರಡುವಾಗ ಮೂವರಿಗೂ ಹೇಳಿದ್ದು, ಬೇಳೆಗೆ ಉಪ್ಪು ಹಾಕಿಲ್ಲ, ಆಮೇಲೆ ಹಾಕಿ ಎಂದು.

ಮರುದಿನ ಎಲ್ಲ ಮುಗಿದ ಮೇಲೆ ಮಗಳು ಫ್ರಿಜ್ಜಿನಿಂದ ಆ ಪಾತ್ರೆ ತೆಗೆದು ಬಿಸಿ ಮಾಡಿ ಬಡಿಸಿದಳು. ಮೊದಲ ತುತ್ತಿಗೇ ಮೂವರೂ ಮುಖ ಮುಖ ನೋಡಿಕೊಂಡೆವು. ಸುದ್ದಿ ಬಂದ ಗಾಬರಿಯಲ್ಲಿ, ಮನೆ ಬಿಡುವ ಮುಂಚೆ, ಒಬ್ಬರಿಗೊಬ್ಬರು ತಿಳಿಯದಂತೆ ಮೂವರೂ ಉಪ್ಪು ಹಾಕಿದ್ದೆವು.

"ಇಷ್ಟು ವರ್ಷಕ್ಕೆ ಒಂದಿನ ಎಲ್ರೂ ಅವಳ ಮಾತು ಕೇಳಿದೀವಿ ಅತ್ತಿಗೆ. ಬಾಯಿಗಿಡೋಕೆ ಆಗ್ತಿಲ್ಲ ನೋಡಿ," ಎಂದು ಅವಳ ಗಂಡ ತಟ್ಟೆ ಸರಿಸಿದ. ನಾಳೆಯಿಂದ ಮೆಸ್ಸಿನಿಂದ ಊಟ ತರಿಸೋಣ, ಒಲೆ ಅವಳ ಜೊತೆಗೇ ಹೋಯಿತು ಎಂದ. ಮಗಳು ತಟ್ಟೆಗಳನ್ನು ಎತ್ತಿದಳು.

ಅವಳಂತೂ ಹೋದಳು. ಅವಳ ಒಲೆಯೂ ತಣ್ಣಗಾಗುವುದನ್ನು ನೋಡಲು ನನ್ನಿಂದಾಗಲಿಲ್ಲ.

ಆ ಅಡುಗೆಮನೆಯಲ್ಲಿ ನಾನು ತರಕಾರಿ ಹೆಚ್ಚುವವಳು ಮಾತ್ರ. ಒಲೆಯ ಮುಂದೆ ನಿಂತರೆ, ಅಳತೆಯ ಚಮಚ ಹುಡುಕುವಷ್ಟರಲ್ಲಿ ಈರುಳ್ಳಿ ಸೀದುಹೋಗುತ್ತಿತ್ತು. "ಅಡುಗೆ ಏನು ಪರೀಕ್ಷೆನಾ ಅಕ್ಕ? ಹೆಚ್ಚಾದ್ರೆ ನೀರು ಹಾಕು, ಕಮ್ಮಿಯಾದ್ರೆ ಮಾತು ಹಾಕು," ಎನ್ನುತ್ತಿದ್ದಳು.

ಸೆರಗು ಸಿಕ್ಕಿಸಿಕೊಂಡು ಎದ್ದೆ. ಡಬ್ಬದಲ್ಲಿ ಉಳಿದಿದ್ದ ಬೇಳೆಯನ್ನೆಲ್ಲ ತೊಳೆದು ಉಪ್ಪಿಲ್ಲದೆ ಬೇಯಿಸಿದೆ. ಆಲೂಗಡ್ಡೆ ದಪ್ಪದಪ್ಪಗೆ ಹೆಚ್ಚಿ ಹಾಕಿದೆ. ಮನೆಯ ದೊಡ್ಡ ಪಾತ್ರೆಯಲ್ಲಿ ಹಳೆಯದನ್ನೂ ಹೊಸದನ್ನೂ ಕೂಡಿಸಿ, ಕೈ ಸಾಕೆನ್ನುವವರೆಗೆ ನೀರು ಸುರಿದೆ. ಆವಿಗೆ ಕನ್ನಡಕ ಮಂಜಾಯಿತು. ಏನೂ ಕಾಣದಿದ್ದರೂ ಕುದಿಯುವ ಸದ್ದು ಕೇಳುತ್ತ ಸೌಟು ಆಡಿಸಿದೆ. ಚಮಚದ ನೆನಪೇ ಆಗಲಿಲ್ಲ. ತಂಗಿ ಇಲ್ಲಿ ನಿಂತು ಯಾಕೆ ಗುನುಗುತ್ತಿದ್ದಳೆಂದು ಅಂದು ತಿಳಿಯಿತು.

ಉಪ್ಪು ನೋಡಿದಿರಾ ದೊಡ್ಡಮ್ಮ ಎಂದು ಮಗಳು ಬಾಗಿಲಲ್ಲಿ ನಿಂತು ಕೇಳಿದಳು.

"ನೋಡಿದ್ದಾಯ್ತು. ನೀನು, ನಿಮ್ಮಪ್ಪ ಆ ಉಪ್ಪಿನ ಡಬ್ಬದ ಹತ್ತಿರ ಸುಳೀಬೇಡಿ."

ಅವಳು ನಕ್ಕಳು. ಪಕ್ಕದ ಮನೆಗೆ ಒಂದು ಪಾತ್ರೆ ಕೊಟ್ಟ ಮೇಲೂ ನಮಗೆ ಹೊಟ್ಟೆ ತುಂಬ ಉಳಿಯಿತು. ತಂಗಿಯ ಗಂಡ ಉಂಡ, ಎರಡನೆಯ ಸಲ ತಾನೇ ಬಡಿಸಿಕೊಂಡ. ಕೈ ತೊಳೆದು ಬಂದವನು ಮೆಸ್ಸಿನ ಮಾತೆತ್ತಲಿಲ್ಲ.

"ನಾಳೆಗೆ ಏನು ಹೆಚ್ಚಿಕೊಡ್ಲಿ ಅತ್ತಿಗೆ?" ಎಂದ.

ಒಲೆ ಒರೆಸಿ, ಅಲ್ಲೇ ನಿಂತು ಕೈ ಮುಗಿದೆ. ದೇವರೇ, ನಿನಗೆ ಮೂರು ಸಲ ಹೇಳಬೇಕಾಗಿಲ್ಲ. ನಮಗೆ ಅನ್ನವಿಟ್ಟ ಆ ಜೀವವನ್ನು ನಿನ್ನ ನೆರಳಲ್ಲಿ ಕೂರಿಸು. ಅವಳ ಆತ್ಮಕ್ಕೆ ಶಾಂತಿ ಕೊಡು.