ಸೆಲೂನಿನವರ ಮಗಳು ಏನು ಓದಬೇಕು?

ನಮ್ಮ ಬೀದಿಯ ಸೆಲೂನಿನವರಿಗೆ ಒಂದು ಅಭ್ಯಾಸ. ಗಿರಾಕಿ ಕುರ್ಚಿಯಲ್ಲಿ ಕೂತು ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡರೆ ಸಾಕು, ಕೇಳಿಯೇ ಬಿಡುತ್ತಾರೆ: "ನನ್ನ ಮಗಳು ಹತ್ತನೇ ಕ್ಲಾಸ್ ಮುಗಿಸಿದಾಳೆ. ಮುಂದೆ ಏನು ಓದಿಸ್ಲಿ?"

ಪುಕ್ಕಟೆ ಸಲಹೆಗೆ ಬರವೇ? ಗಡ್ಡಕ್ಕೆ ಬಂದವರು ಇಂಜಿನಿಯರಿಂಗ್ ಅಂದರು. ಕಟಿಂಗಿಗೆ ಬಂದವರು ವಕೀಲಿಕೆ ಅಂದರು. ತಲೆಗೆ ಬಣ್ಣ ಹಚ್ಚಿಸಿಕೊಂಡವರಿಗೆ ಕಾಯುವ ಹೊತ್ತು ಜಾಸ್ತಿ, ಅವರು ಬ್ಯಾಂಕು, ನರ್ಸಿಂಗು ಎಲ್ಲವನ್ನೂ ಹೇಳಿಹೋದರು. ಅಪ್ಪ ದಿನಕ್ಕೊಂದು ಹೊಸ ಕೋರ್ಸು ಹೊತ್ತು ಮನೆಗೆ ಬರುತ್ತಿದ್ದರು. ಮಗಳದು ಒಂದೇ ಮಾತು: "ನೀವು ಹೇಳಿದ್ದೇ ಆಗ್ಲಿ ಅಪ್ಪ."

ಕಾಲೇಜಿಗೆ ಸೇರಲು ಇನ್ನೊಂದೇ ವಾರ ಉಳಿದಿತ್ತು. ಮಹಡಿ ಮನೆಯ ಟೀಚರಕ್ಕ ಮಗನಿಗೆ ಕಟಿಂಗ್ ಮಾಡಿಸಲು ಬಂದರು.

"ಊರನ್ನೆಲ್ಲ ಕೇಳಿದ್ರಿ ಅಣ್ಣ, ಅವಳನ್ನ ಕೇಳಿದ್ರಾ?"

"ಅವಳಿಗೇನು ಗೊತ್ತಾಗುತ್ತೆ ಅಕ್ಕ? ಇನ್ನೂ ಮಗು!"

ಮೂಲೆಯಲ್ಲಿ ಟವೆಲ್ ಮಡಿಸುತ್ತಿದ್ದ ಮಗಳು ಮೆಲ್ಲಗೆ ಹೇಳಿದಳು: "ನಿಜ ಟೀಚರ್, ನಂಗೆ ಗೊತ್ತಿಲ್ಲ. ತಪ್ಪು ಆರಿಸಿಬಿಟ್ರೆ ಅಂತ ಭಯ."

"ಗೊತ್ತಿಲ್ಲದೆ ಇರೋದು ತಪ್ಪಲ್ಲ ಪುಟ್ಟಿ. ಏನು ಮಾಡ್ತಿದ್ರೆ ನಿಂಗೆ ಹೊತ್ತು ಹೋಗಿದ್ದೇ ತಿಳಿಯಲ್ಲ, ಯೋಚಿಸು. ಆ ಕೆಲಸ ಮಾಡೋರ ಹತ್ರ ಹೋಗು, ನೋಡು, ಕೇಳು. ನೀರಿಗಿಳಿಯದೆ ಈಜು ಬರುತ್ತಾ?"

ಗೆಳತಿಯರೆಲ್ಲ ಕಾಮರ್ಸ್ ತಗೋತೀವಿ ಅನ್ನುತ್ತಿದ್ದರು, ಹಾಗಾಗಿ ಮಗಳು ಮೊದಲು ಲೆಕ್ಕ ಬರೆಯುವ ಆಫೀಸಿಗೆ ಹೋದಳು. ಆಕಳಿಸಿ ಆಕಳಿಸಿ ದವಡೆ ನೋವು ತಂದುಕೊಂಡಳು.

"ದಂಡ ಆಯ್ತಲ್ಲ!" ಎಂದರು ಅಪ್ಪ.

"ಇದು ಬೇಡ ಅಂತ ಗೊತ್ತಾಯ್ತಲ್ಲ, ಅದೇ ಲಾಭ," ಟೀಚರಕ್ಕ ನಕ್ಕರು.

ಬೀದಿಯ ನಾಯಿ, ಕರುಗಳ ಜೊತೆಯಿದ್ದರೆ ಹೊತ್ತು ಹೋಗಿದ್ದೇ ತಿಳಿಯುತ್ತಿರಲಿಲ್ಲವಲ್ಲ ಅಂತ ನೆನಪಾಗಿ, ಆಮೇಲೆ ಪಶು ಆಸ್ಪತ್ರೆಗೆ ಹೋದಳು. ಸಂಜೆ ಮಗಳು ಸೀದಾ ಸೆಲೂನಿಗೇ ಬಂದಳು. ಮೈಯೆಲ್ಲ ಸಗಣಿ, ಮುಖವೆಲ್ಲ ನಗು.

"ಅಪ್ಪ, ಕರು ಒದೀತು! ಆದ್ರೂ ಅದರ ಕಾಲು ಬಿಡಲಿಲ್ಲ, ಡಾಕ್ಟರ್ ಪಟ್ಟಿ ಕಟ್ಟಿ ಮುಗಿಸೋವರೆಗೂ ಹಿಡ್ಕೊಂಡಿದ್ದೆ. ನಾನು ಸೈನ್ಸ್ ತಗೋತೀನಿ. ಪಶುವೈದ್ಯೆ ಆಗ್ತೀನಿ."

"ಸೀಟು ಸಿಗದೇ ಹೋದ್ರೆ?"

"ಅದನ್ನೂ ಡಾಕ್ಟರ್ ಹತ್ರ ಕೇಳಿದೆ. ಕಷ್ಟವಂತೆ. ಸಿಗದಿದ್ರೆ ಪ್ರಾಣಿಗಳ ಆರೈಕೆ ಕಲಿಸೋ ಬೇರೆ ಕೋರ್ಸ್ ಇದೆಯಂತೆ, ಅದಕ್ಕೆ ಸೇರ್ತೀನಿ. ದಾರಿ ಒಂದೇ ಅಲ್ಲ ಅಪ್ಪ."

ಅಪ್ಪನ ಕೈಯ ಕತ್ತರಿ ನಿಂತಿತು. ಮಗಳು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವರು ಕೇಳಿರಲೇ ಇಲ್ಲ.

ಕುರ್ಚಿಯಲ್ಲಿದ್ದ ಗಿರಾಕಿ ಶುರುಮಾಡಿದರು: "ಅದಕ್ಕಿಂತ ಕಂಪ್ಯೂಟರ್..."

"ತಲೆ ಸ್ವಲ್ಪ ಬಗ್ಗಿಸಿ ಸ್ವಾಮಿ," ಎಂದರು ಅಪ್ಪ. "ಓದೋದು ಅವಳು. ಅವಳೇ ಹೇಳಿ ಆಯ್ತು."

ಮಕ್ಕಳೇ, ಧೈರ್ಯ ಮನೆಯಲ್ಲಿ ಕೂತು ಕಾದರೆ ಬರುವುದಿಲ್ಲ. ಇಷ್ಟವಾದ ಒಂದು ಕೆಲಸವನ್ನು ಈ ವಾರವೇ ಹೋಗಿ ನೋಡಿ, ಮಾಡುವವರನ್ನು ಮಾತಾಡಿಸಿ. ಬೇಡ ಅನ್ನಿಸಿದರೆ ಇನ್ನೊಂದು ನೋಡಿ. ಅಪ್ಪ ಅಮ್ಮಂದಿರೇ, ಹತ್ತು ಜನರನ್ನು ಕೇಳಿ, ಬೇಡ ಅನ್ನುವುದಿಲ್ಲ. ಆದರೆ ಇವತ್ತು ಊಟಕ್ಕೆ ಕೂತಾಗ ಮೊದಲು ನಿಮ್ಮ ಮಗುವನ್ನು ಕೇಳಿ. ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ, ಅದು ಮಾತಾಡಲಿ.