ತಲೈವರ್ ಪಕ್ಕದ ಪಟ್ಟಿ

ಶಿವರಂಜನಿಗೆ ಬೇಕಿದ್ದದ್ದು ಒಂದೇ ಒಂದು ವಚನ. ಅಪ್ಪ ಮಾಡಿಸುತ್ತಿದ್ದ ಸೀಡಿಯಲ್ಲಿ ಎಂಟು ವಚನಗಳಿದ್ದವು, ಎಂಟನ್ನೂ ಅಪ್ಪನೇ ಹಾಡುವವರಿದ್ದರು. ಅವಳ ಪಾಲಿಗೆ ಬಂದದ್ದು ಹಿಂದೆ ನಿಂತು ದನಿಗೂಡಿಸುವ ಕೆಲಸ. ಕೇಳಿದಾಗಲೆಲ್ಲ ಅಪ್ಪ ಚನ್ನವೀರಪ್ಪನವರದು ಒಂದೇ ಉತ್ತರ: "ನೀನಿನ್ನೂ ಅಣಿಯಾಗಿಲ್ಲ ಕಣಮ್ಮ." ವಚನ ಹಾಡುವವರಲ್ಲವೆ, ಎಲ್ಲರ ಹಾಗೆ ರೆಡಿ ಎಂದರೆ ಅವರಿಗೆ ಸಮಾಧಾನವಿಲ್ಲ. ತಿಪಟೂರಿನಿಂದ ಚೆನ್ನೈಗೆ ಕೊಬ್ಬರಿ ವ್ಯಾಪಾರಕ್ಕೆ ಬಂದು ವರ್ಷವಾಗಿತ್ತಷ್ಟೆ. ಅಷ್ಟರಲ್ಲೇ ಮೈಲಾಪೂರಿನ ಅಕ್ಕಪಕ್ಕದವರು ಬೆಳಗ್ಗೆ ಅವರ ಹಾಡು ಶುರುವಾದೊಡನೆ ಕಿಟಕಿ ಮುಚ್ಚಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದರು.

ಕನ್ನಡದವನೆಂದು ಹುಡುಕಿ ಹಿಡಿದ ರುದ್ರಮುನಿಯ ಸ್ಟುಡಿಯೋ ಎಂದರೆ ನಡುವೆ ಗಾಜು ಹಾಕಿ ಎರಡು ಮಾಡಿದ ಒಂದು ಕೋಣೆ, ಒಂದು ಕಂಪ್ಯೂಟರ್, ಮತ್ತು ಬಂದವರಿಗೆಲ್ಲ ತೋರಿಸಿ ಬೀಗುವ ಒಂದು ಕಬ್ಬಿಣದ ಪೆಟ್ಟಿಗೆ. ರಾಜಕೀಯ ಸಭೆಗಳಲ್ಲಿ ದುಡಿದು ಮೂಲೆ ಸೇರಿದ ದೊಡ್ಡ ಸೌಂಡ್ ಮಿಕ್ಸರೊಂದನ್ನು ಆತ ಗುಜರಿಯಿಂದ ಹೊತ್ತು ತಂದಿದ್ದ. ಅದರಲ್ಲಿ ಒಂದೊಂದು ಮೈಕಿಗೂ ತಿರುಗಣೆಗಳ ಸಾಲಿರುವ ಒಂದೊಂದು ಪಟ್ಟಿ. ಜೀವವಿದ್ದ ಎರಡು ಪಟ್ಟಿಗಳನ್ನು ಬಿಚ್ಚಿ, ಬೇರೆ ಕರೆಂಟು ಕೊಟ್ಟು, ಪೆಟ್ಟಿಗೆಯಲ್ಲಿ ಕೂರಿಸಿದ್ದ.

"ಕಂಪ್ಯೂಟರಿಗೆ ನೇರ ಹೋದ್ರೆ ದನಿ ಸಪ್ಪೆ ಸರ್. ಇದರೊಳಗೆ ಹಾದು ಹೋದ್ರೆ ಒಗ್ಗರಣೆ ಬಿದ್ದ ಹಾಗೆ," ಎಂದ.

ಪಟ್ಟಿಗಳ ಮೇಲೆ ಸಭೆಯ ಕಾಲದ ಟೇಪು ಹಾಗೇ ಅಂಟಿಕೊಂಡಿತ್ತು, ತಮಿಳಿನಲ್ಲಿ ಬರೆದದ್ದು. ಚನ್ನವೀರಪ್ಪನವರು ಪುಸ್ತಕ ನೋಡಿ ತಮಿಳು ಅಕ್ಷರ ಕಲಿತಿದ್ದರು. ಅರ್ಥದ ತನಕ ಪುಸ್ತಕ ಓದಿರಲಿಲ್ಲ. ಕನ್ನಡಕ ಏರಿಸಿ ಮೊದಲನೆಯದನ್ನು ಓದಿದರು. "ತ... ಲೈ... ವರ್." ಊರಿನ ಗೋಡೆಗಳೇ ಕಲಿಸಿಕೊಟ್ಟ ಮಾತದು. "ನಾಯಕರು ಅಂತ. ಇದು ನಂದು," ಎಂದು ಹಿಗ್ಗಿದರು. ಎರಡನೆಯದಕ್ಕೆ ಬಗ್ಗಿದರು. "ಮ... ಗ... ಳಿರ್. ಅಣಿ." ಓದಿ ನೆಟ್ಟಗಾಗಿ ರುದ್ರಮುನಿಯ ಕಡೆ ತಿರುಗಿದರು.

"ಮಗಳಿಗೆ ಅಣಿ. ನಮ್ಮ ಹುಡುಗಿಗೇಂತ ಮೊದಲೇ ಅಣಿ ಮಾಡಿ, ಬರೆದೂ ಇಟ್ಟಿದ್ದೀರಲ್ಲ ರುದ್ರಮುನಿಯವರೇ."

ದಿನಾ ಬಸ್ಸಿನಲ್ಲಿ ‘ಮಗಳಿರ್’ ಎಂದು ಬರೆದ ಸೀಟಿನಲ್ಲೇ ಕೂತು ಕಾಲೇಜಿಗೆ ಹೋಗುವ ಶಿವರಂಜನಿಗೆ ಆ ಮಾತಿಗೆ ಹೆಂಗಸರು ಎಂದರ್ಥವೆಂದು ಚೆನ್ನಾಗಿ ಗೊತ್ತಿತ್ತು. ಮಗಳಿರ್ ಅಣಿ ಎಂದರೆ ಪಕ್ಷದ ಮಹಿಳಾ ಘಟಕ. ಆ ಹೆಂಗಸರು ಭಾಷಣ ಮಾಡುತ್ತಿದ್ದ ಮೈಕಿನ ಪಟ್ಟಿ ಅದು. ವಿಷಯ ಹೇಳಲು ರುದ್ರಮುನಿ ಬಾಯಿ ತೆರೆದ. ಅವಳು ಆತನನ್ನು ಹೇಗೆ ನೋಡಿದಳೆಂದರೆ, ತೆರೆದ ಬಾಯಲ್ಲಿ ಒಂದು ಆಕಳಿಕೆ ತೆಗೆದು ಆತ ವೈರು ಹುಡುಕಲು ಹೋದ.

"ಆದ್ರೆ ನಾನಿನ್ನೂ ಅಣಿಯಾಗಿಲ್ವಲ್ಲ ಅಪ್ಪಾಜಿ," ಎಂದಳು, ತಲೆ ತಗ್ಗಿಸಿ.

"ಅದು ಬೇರೆ ಮಾತು. ಇಷ್ಟು ಕಷ್ಟಪಟ್ಟು ಮಾಡಿಟ್ಟೋರಿಗೆ ಬೇಡ ಅನ್ನೋಕಾಗುತ್ತಾ? ಒಂದು ಹಾಡಿಬಿಡು."

ಒಳಗೆ ಮೈಕಿನ ಮುಂದೆ ನಿಂತು ಮೊದಲ ಸಾಲನ್ನು ಅವಳು ಅಪ್ಪನ ಮುಖ ನೋಡುತ್ತಲೇ ಹಾಡಿದಳು. ಎರಡನೆಯದಕ್ಕೆ ಗಾಜಿನಾಚೆ ಅಪ್ಪ ಇದ್ದಾರೆಂಬುದೇ ಮರೆತುಹೋಯಿತು. ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಚನ್ನವೀರಪ್ಪನವರು ತಾಳ ಹಾಕಲು ಎತ್ತಿದ ಕೈಯನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡರು. ಹಾಡು ಮುಗಿಸಿ ಅವಳು ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು.

"ಇಷ್ಟು ಚೆನ್ನಾಗಿ ಹಾಡ್ತೀಯಲ್ಲಮ್ಮ. ಮನೇಲಿ ಒಂದು ದಿನಾನೂ ನಂಗೆ ಕೇಳಿಸ್ಲೇ ಇಲ್ವಲ್ಲ."

"ಮನೇಲಿ ನೀವೇ ಹಾಡ್ತಿರ್ತೀರಲ್ಲ ಅಪ್ಪಾಜಿ," ಎಂದಳು ಶಿವರಂಜನಿ.