ಹಲಗೆ ಹೊಡೆದ ಅಂಗಡಿ

"ನಿನ್ನ ಅಂಗಡಿಗೆ ಗಾಜು ಕೂರಿಸೋದು ನಾನೇ, ಇನ್ನೊಬ್ಬನ ಕೈ ಸೋಕಬಾರದು," ಎಂದು ಗಾಜಣ್ಣ ಮಗಳಿಗೆ ಮಾತು ಕೊಟ್ಟಾಗ ಅವಳದಿನ್ನೂ ಅವನ ಹೆಗಲ ಮೇಲೆ ಕೂತು ಬೀದಿ ನೋಡುವ ವಯಸ್ಸು. ಕಿಟಕಿಗೆ ಗಾಜು ಹಾಕುವುದು ಅವನ ಕಸುಬು. ಬೀದಿಯವರೆಲ್ಲ ಅವನನ್ನು ಗಾಜಣ್ಣ ಎಂದೇ ಕರೆಯುತ್ತಿದ್ದರು.

ಮಗಳು ಬೆಳೆದಳು, ಸೈಕಲ್ ರಿಪೇರಿ ಕಲಿತಳು, ಬೀದಿಯ ತಿರುವಿನಲ್ಲಿ ಅಂಗಡಿ ಹಿಡಿದಳು. ಮುಂಭಾಗಕ್ಕೆ ಆಳೆತ್ತರದ ಗಾಜು ಬೇಕಿತ್ತು. ಸರಿಯಾಗಿ ಆ ಹೊತ್ತಿಗೆ ಗಾಜಣ್ಣನ ಮಣಿಕಟ್ಟು ಮುರಿಯಿತು.

ಮುರಿದದ್ದು ಅರ್ಧ ಬಕೆಟ್ ನೀರೆತ್ತುವಾಗ. ಆಳೆತ್ತರದ ಗಾಜು ಹೊರುವವನು ಬಕೆಟ್ಟಿಗೆ ಸೋತ ಎಂದರೆ ಮಾನ ಉಳಿದೀತೇ? "ಏಣಿಯಿಂದ ಬಿದ್ದೆ," ಎಂದ. ಏಣಿಯಿಂದ ಬಿದ್ದವನ ಕೈ ಮುರಿಯುವುದರಲ್ಲಿ ಆಶ್ಚರ್ಯವೇನು? ಆಸ್ಪತ್ರೆಯವರು ಪಟ್ಟಿ ಹಾಕಿ ಕಳಿಸಿದರು.

ಪಟ್ಟಿ ಬಿಚ್ಚಿ ಹೆಚ್ಚು ದಿನವಾಗಿರಲಿಲ್ಲ. ಒಂದು ಬೆಳಿಗ್ಗೆ ಜೋರಾಗಿ ಸೀನಿದ, ಅಲ್ಲೇ ಕುಸಿದು ಕೂತ. ಬೆನ್ನಿನ ಒಂದು ಮೂಳೆ ಜಜ್ಜಿಹೋಗಿತ್ತು. ಈ ಸಲ ಹೆಂಡತಿ ಜೊತೆಗೆ ಹೋದಳು.

"ಇದಕ್ಕೂ ಏಣಿ ಅಂತಾರೆ, ನಂಬಬೇಡಿ ಡಾಕ್ಟ್ರೇ. ಆವತ್ತು ಬಕೆಟ್ಟು, ಇವತ್ತು ಸೀನು. ಊಟ ಆದ್ರೆ ಸಾಕು, ಕೂತಲ್ಲೇ ತೂಕಡಿಕೆ. ಗಡ್ಡ ಕೂಡ ಮೊದಲಿನ ಹಾಗೆ ಬರ್ತಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದರು. ಮೂಳೆಯ ಸ್ಕ್ಯಾನ್ ಮಾಡಿಸಿದರು, ಎರಡು ದಿನ ಬೆಳಿಗ್ಗೆ ಪರೀಕ್ಷೆಗೆ ರಕ್ತ ತೆಗೆಸಿದರು.

"ಮೂಳೆ ಟೊಳ್ಳಾಗ್ತಿದೆ ಯಜಮಾನರೇ. ಟೆಸ್ಟೊಸ್ಟೆರಾನ್ ತೀರಾ ಕಡಿಮೆ. ಗಂಡಸರ ಹಾರ್ಮೋನು ಅದು, ಮೂಳೆಗೂ ಅದೇ ಕಾವಲು."

ಗಾಜಣ್ಣನ ಮುಖ ಕಿವಿಯವರೆಗೂ ಕೆಂಪೇರಿತು. ಹೆಂಡತಿಗೇ ತಡೆಯಲಾಗಲಿಲ್ಲ. "ಇಷ್ಟು ದಪ್ಪ ಮೀಸೆ ಇದೆಯಲ್ಲ ಡಾಕ್ಟ್ರೇ?"

"ಮೀಸೆಗೆ ಸ್ಕ್ಯಾನ್ ಮಾಡಿಲ್ಲಮ್ಮ," ಎಂದರು ಡಾಕ್ಟರಮ್ಮ. "ಹಾರ್ಮೋನು ಹೊರಗಿನಿಂದ ಕೊಡೋಣ. ಜೊತೆಗೆ ಮೂಳೆಯ ಮಾತ್ರೆ. ನಾನು ಹೇಳೋವರೆಗೂ ಗಾಜು ಮುಟ್ಟೋ ಹಾಗಿಲ್ಲ."

ಮನೆಗೆ ಬಂದವನು ಮುಖ ಗಂಟಿಕ್ಕಿಕೊಂಡು ಕೂತ. "ನಂಗೆ ಆ ಔಷಧಿ ಬೇಡ. ನಾಲ್ಕು ಜನಕ್ಕೆ ಗೊತ್ತಾದ್ರೆ ತಲೆ ಎತ್ತಿ ಓಡಾಡೋದು ಹೇಗೆ? ಗಾಜು ಬೇರೆಯವರ ಹತ್ರ ಹಾಕಿಸ್ಕೋ ಮಗಳೇ."

ಮಗಳು ಎಣ್ಣೆಗೈ ಒರೆಸಿಕೊಂಡಳು. "ಚೈನಿನ ಎಣ್ಣೆ ಆರಿದ್ರೆ ಹಾಕ್ತೀವಿ. ಸೈಕಲ್ ಏನು ನಾಚ್ಕೊಳುತ್ತಾ ಅಪ್ಪಾ? ಬೇರೆಯವರನ್ನ ನಾನು ಕರೆಯಲ್ಲ. ನೀನು ಬರೋವರೆಗೂ ಗಾಜಿನ ಜಾಗಕ್ಕೆ ಹಲಗೆ ಇರ್ಲಿ."

ಹಾಗೆಂದವಳು ಮುಂಭಾಗಕ್ಕೆ ಹಲಗೆ ಹೊಡೆಸಿಯೇಬಿಟ್ಟಳು. ಒಳಗೆ ಹಗಲಲ್ಲೂ ದೀಪ. "ಏನಮ್ಮಾ, ತೆರೆಯೋ ಮೊದಲೇ ಮುಚ್ಚಿಬಿಟ್ಯಾ?" ಎಂದು ಎದುರಂಗಡಿಯ ಕ್ಷೌರಿಕ ದಿನವೂ ಕೆಣಕುತ್ತಿದ್ದ. ಅವಳು ಹಲಗೆಯ ಮೇಲೆ ಬಣ್ಣದಲ್ಲಿ "ತೆರೆದಿದೆ" ಎಂದು ಬರೆದಳು. ಆದರೂ ಬಂದ ಗಿರಾಕಿಗಳಲ್ಲಿ ಅರ್ಧ ಜನ ಹಲಗೆ ನೋಡಿ ಹಾಗೇ ಮುಂದೆ ಹೋಗುತ್ತಿದ್ದರು. ಗಾಜಣ್ಣ ಅದನ್ನೆಲ್ಲ ದೂರದಿಂದ ನಿಂತು ನೋಡಿದ. ಮರುದಿನವೇ ಔಷಧಿ ಶುರುಮಾಡಿದ.

ದಿನಾ ಸ್ನಾನವಾದ ಮೇಲೆ ಹೆಗಲಿಗೆ ಹಾರ್ಮೋನಿನ ಜೆಲ್ ಹಚ್ಚಿ, ಒಣಗಿಸಿ, ಕೈ ತೊಳೆದು, ಮೇಲೆ ಅಂಗಿ ತೊಡಬೇಕು. ಬೇರೆಯವರ ಮೈಗೆ ತಾಗಬಾರದು. "ಮಹಾರಾಜರ ಭುಜ ಈಗ ಮುಟ್ಟೋ ಹಾಗೂ ಇಲ್ಲ!" ಎಂದು ಹೆಂಡತಿ ಬಾಗಿಲಲ್ಲೇ ನಿಂತು ನಗುತ್ತಿದ್ದಳು. ಆಗಾಗ ರಕ್ತ ಪರೀಕ್ಷೆ. ರಕ್ತ ದಪ್ಪಗಾಗುತ್ತಿದೆಯೇ, ಪ್ರಾಸ್ಟೇಟ್ ಗ್ರಂಥಿ ಸರಿಯಿದೆಯೇ ಎಂದು. ಬೆನ್ನಿನ ನೋವು ಇಳಿದ ಮೇಲೆ ನಡಿಗೆ, ಆಮೇಲೆ ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವವನ ಕಣ್ಣೆದುರೇ ಸಣ್ಣ ತೂಕ ಎತ್ತುವುದು, ನಂತರ ಅದಕ್ಕಿಂತ ದೊಡ್ಡದು. ಮೊದಲು ಹೋದದ್ದು ತೂಕಡಿಕೆ. ಆಮೇಲೆ ಒಂದು ದಿನ ತುಂಬಿದ ಬಕೆಟ್ಟನ್ನೇ ಎತ್ತಿ ತಂದ. ಹೆಂಡತಿ ಕಸಿದುಕೊಳ್ಳಲು ಹೋದರೆ, "ಬಿಡೇ, ಇವನ ಮೇಲೆ ನಂದೊಂದು ಹಳೇ ಸೇಡಿದೆ," ಎಂದ.

ಎರಡನೇ ಸ್ಕ್ಯಾನಿನ ದಿನ ಮೂವರೂ ಹೋದರು. ಡಾಕ್ಟರಮ್ಮ ಪರದೆ ನೋಡಿದರು, ಹಳೆಯದನ್ನು ಪಕ್ಕದಲ್ಲಿಟ್ಟು ಇನ್ನೊಮ್ಮೆ ನೋಡಿದರು.

"ಮೂಳೆಯ ಗಟ್ಟಿತನ ಏರಿದೆ. ಬೆನ್ನಲ್ಲೂ, ಸೊಂಟದಲ್ಲೂ. ಔಷಧಿ ಮಾತ್ರ ನಿಲ್ಲಿಸಬಾರದು."

"ಗಾಜು?" ಎಂದ ಗಾಜಣ್ಣ.

"ಒಬ್ಬರೇ ಬೇಡ. ಬೆನ್ನು ನೆಟ್ಟಗಿಟ್ಟು, ಮೊಣಕಾಲು ಮಡಚಿ, ಇಬ್ಬರು ಹಿಡಿದು ಎತ್ತಿ."

"ಇಬ್ಬರಿದ್ದೀವಿ," ಎಂದಳು ಮಗಳು.

ಆ ವಾರವೇ ಹಲಗೆ ಕಿತ್ತರು. ಗಾಜು ಹೊರುವಾಗ ಮಾತಾಡುವುದು ಒಬ್ಬರೇ. ಇಬ್ಬರು ಮಾತಾಡಿದರೆ ಗಾಜು ಉಳಿಯುವುದಿಲ್ಲ. ಗಾಜಣ್ಣ ಮಾತಾಡಿದ. "ಎತ್ತು... ನಿಧಾನ... ನಿನ್ನ ಕಡೆ ಬೆರಳಷ್ಟು ಬರಲಿ... ನಿಲ್ಲು." ಕ್ಷೌರಿಕ ಕತ್ತರಿ ಹಿಡಿದೇ ಬೀದಿಗೆ ಬಂದ, ಅವನ ಗಿರಾಕಿ ಅರ್ಧ ಕತ್ತರಿಸಿದ ಕೂದಲಲ್ಲೇ ಹಿಂದೆ ಬಂದ. ಗಾಜು ಚೌಕಟ್ಟಿನ ಕೆಳಗಿನ ರಬ್ಬರಿನ ಮೇಲೆ ಮೆಲ್ಲಗೆ ಕೂತಿತು. ಗಾಜಣ್ಣ ಸುತ್ತ ಮರದ ಪಟ್ಟಿ ಹೊಡೆದು, ಅಂಗೈಯಿಂದ ಒತ್ತಿ ನೋಡಿದ. ಒಂಚೂರೂ ಅಲುಗಲಿಲ್ಲ.

"ಗಾಜಣ್ಣಾ, ಯಾವ ಟಾನಿಕ್ ಕುಡೀತೀಯೋ?" ಎಂದು ಕ್ಷೌರಿಕ ಕೂಗಿದ.

"ಕುಡಿಯೋದಲ್ಲ ಕಣೋ, ಹೆಗಲಿಗೆ ಹಚ್ಚೋದು. ಗಂಡಸರ ಹಾರ್ಮೋನು, ಮೂಳೆಗೆ! ನಿಂಗೂ ಸುಮ್ಮಸುಮ್ಮನೆ ಕೈ ಮುರಿದ್ರೆ ನೇರ ಡಾಕ್ಟರಮ್ಮನ ಹತ್ರ ಹೋಗು, ಏಣಿ ಕತೆ ಹೇಳ್ಬೇಡ," ಎಂದು ಗಾಜಣ್ಣ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ.

ಬೀದಿಯ ಬೆಳಕೆಲ್ಲ ಒಳಗೆ ನುಗ್ಗಿ ಸೈಕಲ್ಲುಗಳು ಫಳಫಳ ಹೊಳೆದವು. ಮಗಳು ದೀಪ ಆರಿಸಿದಳು.

ಗಾಜಣ್ಣ ಕೊಟ್ಟ ಮಾತು ಉಳಿಸಿಕೊಂಡ.